ಹದಿನಾರು ಮೊನೆಯ ನಕ್ಷತ್ರ

ಕಾಗದವನ್ನು ಮಡಿಸುವ ವಿದ್ಯೆಯಲ್ಲಿ ನಾವು ವಿದ್ಯಾರ್ಥಿಗಳು ಯಾರಿಗೂ ಕಡಮೆಯವರಲ್ಲ. ಒಂದನೆಯ ತರಗತಿಯಲ್ಲಿ ದೋಣಿ, ಐದನೆಯದರಲ್ಲಿ ರಾಕೆಟ್ಟು, ಪ್ರೌಢಶಾಲೆಯಲ್ಲಿ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಸಾಗುವ ಚೀಟಿ, ಕಾಲೇಜಿಗೆ ಬಂದ ಮೇಲೆ ಶುಲ್ಕದ ರಸೀದಿ: ಹೀಗೆ ನಮ್ಮ ವಿದ್ಯಾಭ್ಯಾಸದ ಒಂದೊಂದು ಮೆಟ್ಟಿಲಿಗೂ ಒಂದೊಂದು ಮಡಿಕೆಯಿದೆ. ಪರೀಕ್ಷೆಯ ಕಾಲದಲ್ಲಿ ಕೆಲವರು ಕಾಗದವನ್ನು ಎಷ್ಟು ಚಿಕ್ಕದಾಗಿ ಮಡಿಸಬಲ್ಲರೆಂಬುದನ್ನು ನಮ್ಮ ಅಧ್ಯಾಪಕರು ನನಗಿಂತ ಚೆನ್ನಾಗಿ ಬಲ್ಲರು. ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ನೆರೆಮನೆಯ ಬಾಯಮ್ಮ ನನ್ನನ್ನು ಕರೆದು, “ಕ್ರಿಸ್‌ಮಸ್ಸಿಗೆ ಕಾಗದದ ನಕ್ಷತ್ರ ಮಾಡಿಕೊಡ್ತೀಯಾ ಮಗಾ?” ಎಂದು ಕೇಳಿದಾಗ, ಇದೇನು ಮಹಾ ಕೆಲಸವೆಂದು ಒಪ್ಪಿಬಿಟ್ಟೆ. ಹಿಂದುಮುಂದು ನೋಡದೆ ಒಪ್ಪಿಕೊಂಡ ಆ ಮಾತಿನಿಂದ ನನಗಾದ ಫಜೀತಿಯೇ ಈ ಬರಹದ ವಿಷಯ.

ನಮ್ಮದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ನಮ್ಮ ಮನೆಗೂ ಬಾಯಮ್ಮನ ಮನೆಗೂ ನಡುವೆ ಒಂದು ತೋಡು. ಅದಕ್ಕೆ ಎರಡು ಅಡಿಕೆ ಮರದ ಸಂಕ. ಆ ಸಂಕವನ್ನು ದಾಟುವುದನ್ನು ಕಲಿತ ಮೇಲೆಯೇ ನಾನು ಲೋಕವನ್ನು ನೋಡಿದ್ದು ಎನ್ನಬೇಕು. ಕ್ರಿಸ್‌ಮಸ್ ಬಂತೆಂದರೆ ನೆವ್ರಿ, ಗುಳಿಯೊ, ಕಿಡಿಯೊ, ಚಕ್ಕುಲಿ ತುಂಬಿದ ಕುಸ್ವಾರಿನ ತಟ್ಟೆ ಆ ಸಂಕದ ಮೇಲೆ ಈಚೆಗೆ ಬರುತ್ತಿತ್ತು. ದೀಪಾವಳಿಯಲ್ಲಿ ನಮ್ಮ ಮನೆಯ ಅವಲಕ್ಕಿ, ಬೆಲ್ಲ ಆಚೆಗೆ ಹೋಗುತ್ತಿದ್ದವು. ಬಾಯಮ್ಮನ ಗಂಡನನ್ನು ಊರವರೆಲ್ಲ ಪೊರ್ಬುಗಳು ಎನ್ನುತ್ತಿದ್ದರು. ಅವರು ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಬೈಂಡರ್ ಆಗಿದ್ದರು. ಶನಿವಾರ ಸಂಜೆ ಊರಿಗೆ ಬರುವಾಗ ಕತ್ತರಿಸುವ ಯಂತ್ರದಿಂದ ಉದುರಿದ ಕಾಗದದ ಉದ್ದನೆಯ ಪಟ್ಟಿಗಳ ಒಂದು ಕಟ್ಟು ಅವರ ಕಂಕುಳಲ್ಲಿರುತ್ತಿತ್ತು. ಇತರರಿಗೆ ಅದು ಕಸ. ಅವರಿಗೆ ಅದು ಡಿಸೆಂಬರಿನ ಬಂಡವಾಳ.

ಅಂಗಳದಲ್ಲಿ ತೂಗುವ ದೊಡ್ಡ ನಕ್ಷತ್ರವನ್ನು ಅವರು ಬಿದಿರಿನ ಕಡ್ಡಿಗಳಿಂದ ಕಟ್ಟಿ, ಮೈದಾ ಅಂಟಿನಿಂದ ಬಣ್ಣದ ಕಾಗದ ಹಚ್ಚಿ, ಒಳಗೆ ಬಲ್ಬು ಇಡುತ್ತಿದ್ದರು. ನಮ್ಮ ದೀಪಾವಳಿಯ ಗೂಡುದೀಪಕ್ಕೆ ಕಡ್ಡಿ ಸೀಳಿಕೊಡುತ್ತಿದ್ದವರೂ ಅವರೇ. ಆದರೆ ಗೋದಲಿಯ ಮೇಲೆ ತೂಗಿಬಿಡುತ್ತಿದ್ದ ಚಿಕ್ಕ ನಕ್ಷತ್ರಗಳ ರೀತಿಯೇ ಬೇರೆ. ಅವಕ್ಕೆ ಕಡ್ಡಿಯಿಲ್ಲ, ಅಂಟಿಲ್ಲ, ದಾರವೂ ತೂಗುಹಾಕುವುದಕ್ಕೆ ಮಾತ್ರ. ನಾಲ್ಕೇ ನಾಲ್ಕು ಕಾಗದದ ಪಟ್ಟಿ. ಅವನ್ನು ಮಡಿಸಿ, ಒಂದರೊಳಗೊಂದನ್ನು ತೂರಿಸಿ, ಮತ್ತೆ ಮಡಿಸಿ ಅವರು ಅಂಗೈಯಲ್ಲಿಟ್ಟರೆ ಎಲ್ಲ ಕಡೆಗೂ ಮೊನೆಗಳಿರುವ ಒಂದು ನಕ್ಷತ್ರ! ಸುತ್ತಲೂ ಎಂಟು ಚಪ್ಪಟೆ ಮೊನೆ, ಮೇಲೆ ನಾಲ್ಕು, ಕೆಳಗೆ ನಾಲ್ಕು ಎದ್ದುನಿಂತ ಮೊನೆ, ಒಟ್ಟು 16. ನಾನು ಬಾಲ್ಯದಲ್ಲಿ ಎಷ್ಟೋ ಸಲ ಎಣಿಸಿದ್ದೇನೆ.

ಪೊರ್ಬುಗಳು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಬಾಯಮ್ಮನ ಅಂಗಳದಲ್ಲಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ನಕ್ಷತ್ರ ಕಣ್ಣು ಮಿಟುಕಿಸುತ್ತಿತ್ತು. ಕಳೆದ ವರ್ಷ ಕುವೈಟಿನಲ್ಲಿರುವ ಮಗ ಸಂಸಾರಸಮೇತ ಹಬ್ಬಕ್ಕೆ ಬರುತ್ತೇನೆಂದು ತಿಳಿಸಿದ. ಏಳು ವರ್ಷದ ಮೊಮ್ಮಗಳು ಫೋನಿನಲ್ಲಿ ಅಜ್ಜಿಯನ್ನು ಕೇಳಿದ ಒಂದೇ ಪ್ರಶ್ನೆ: ಫೋಟೋದಲ್ಲಿ ಕಾಣುವ ಅಜ್ಜನ ನಕ್ಷತ್ರಗಳು ಇನ್ನೂ ಇವೆಯೇ? ಬಾಯಮ್ಮ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತೆರೆದು ನೋಡಿದರೆ ಉಳಿದಿದ್ದುದು ಒಂದೇ ಒಂದು. ಮಿಕ್ಕವನ್ನು ಗೆದ್ದಲು ಮುಗಿಸಿತ್ತು. ಮಾಡಲು ಆಕೆಗೂ ಹಿಂದೆ ಬರುತ್ತಿತ್ತಂತೆ. ಆದರೆ ಈಗ ಬೆರಳಿನ ಗಂಟುಗಳು ಬಾತು ಬಗ್ಗುವುದಿಲ್ಲ.

“ನೀನು ಬಿ.ಎ. ಓದುವವ. ನಿನಗೆ ನೋಡಿದರೆ ಗೊತ್ತಾದೀತು. ಇದನ್ನು ನೋಡಿ ಹನ್ನೊಂದು ಮಾಡು. ಇದೂ ಸೇರಿ ಒಂದು ಡಜನ್ ಆಗ್ತದೆ. ಇದೊಂದೇ ಅವರ ಕೈಯದ್ದು ಇರುವುದು ಮಗಾ, ಜಾಗ್ರತೆ” ಎಂದು ಹತ್ತಿಯಲ್ಲಿ ಸುತ್ತಿದ್ದ ಆ ನಕ್ಷತ್ರವನ್ನು ನನ್ನ ಕೈಗಿತ್ತರು.

ಬಿ.ಎ. ಎಂಬ ಎರಡಕ್ಷರವನ್ನು ನಮ್ಮ ಊರಿನಲ್ಲಿ ಎಷ್ಟು ನಂಬುತ್ತಾರೆಂಬುದಕ್ಕೆ ಇದೊಂದು ದೃಷ್ಟಾಂತ. ನಮ್ಮ ಮನೆತನದಲ್ಲಿ ಎಸ್.ಎಸ್.ಎಲ್.ಸಿ. ದಾಟಿದವನು ನಾನೊಬ್ಬನೇ. ಅಪ್ಪ ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಾರೆ; ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದುದರಿಂದ ಆಧಾರ್ ಕಾರ್ಡಿನ ತಿದ್ದುಪಡಿಯಿಂದ ಹಿಡಿದು ಹಸುವಿನ ಹೊಟ್ಟೆಯುಬ್ಬರದವರೆಗೆ ಎಲ್ಲವೂ ನನಗೆ ಗೊತ್ತಿರಬೇಕೆಂಬುದು ನೆರೆಕರೆಯವರ ಅಭಿಪ್ರಾಯ. ನಾನೂ ಆ ಅಭಿಪ್ರಾಯವನ್ನು ಬಲವಾಗಿ ಅಲ್ಲಗಳೆದವನಲ್ಲ.

ಮೊದಲನೆಯ ದಿನ ಮೊಬೈಲಿನಲ್ಲಿ ಯಾರೋ ಮಾಡಿ ತೋರಿಸುವುದನ್ನು ನೋಡುತ್ತ ಕುಳಿತೆ. ಅದರಲ್ಲಿ ಬರೀ ಎರಡು ಕೈಗಳು. ಅವು ಹೇಗೆ ಹೋಗಿ ಹೇಗೆ ಬರುತ್ತವೆಂಬುದು ಕಣ್ಣಿಗೆ ಸಿಕ್ಕುವುದರೊಳಗೆ ನಕ್ಷತ್ರವಾಗಿರುತ್ತದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಗಲಕ್ಕಿಂತ ಸುಮಾರು 30 ಪಟ್ಟು ಉದ್ದವಿರುವ ನಾಲ್ಕು ಪಟ್ಟಿಗಳು ಬೇಕು. ಒಂದೊಂದನ್ನೂ ನಡುವಿಗೆ ಮಡಿಸಿ ಎರಡು ಪದರ ಮಾಡಬೇಕು. ಆಮೇಲೆ ಚಾಪೆ ಹೆಣೆದಂತೆ ಒಂದರ ಬಾಯಿಗೆ ಇನ್ನೊಂದರ ಬಾಲ ಕೊಟ್ಟು ನಾಲ್ಕನ್ನೂ ಹೆಣೆದು ಬಿಗಿಯಬೇಕು. ನಡುವೆ ಒಂದು ಚೌಕ ಮೂಡುತ್ತದೆ, ಸುತ್ತ ಎಂಟು ಬಾಲಗಳುಳಿಯುತ್ತವೆ. ಇಷ್ಟು ನನಗೂ ಬಂತು. ಆ ಬಾಲಗಳನ್ನು ಓರೆಯಾಗಿ ಹಿಂದಕ್ಕೊಮ್ಮೆ, ಕೆಳಕ್ಕೊಮ್ಮೆ ಮಡಿಸಿ, ತ್ರಿಕೋನ ಮಾಡಿ ಪಕ್ಕದ ಸಂದಿಯಲ್ಲಿ ಸಿಕ್ಕಿಸಿದರೆ ಚಪ್ಪಟೆ ಮೊನೆಗಳು. ಇಲ್ಲಿ ನನ್ನ ತ್ರಿಕೋನಗಳು ಒಂದು ದಿಕ್ಕಿಗೂ, ಸಂದಿಗಳು ಇನ್ನೊಂದು ದಿಕ್ಕಿಗೂ ಮುಖ ಮಾಡಿ ನಿಂತವು. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಮುಂದಿದ್ದುದು ನಕ್ಷತ್ರವಲ್ಲ. ಮಳೆಯಲ್ಲಿ ನೆಂದ ಕಾಗೆಯ ಗೂಡು.

ಎರಡನೆಯ ದಿನ ವಿದ್ಯಾವಂತನು ಮಾಡುವುದನ್ನೇ ಮಾಡಿದೆ. ಮಡಿಸುವುದನ್ನು ಬಿಟ್ಟು, ಮಡಿಸುವುದರ ಚರಿತ್ರೆಯನ್ನು ಓದಲು ಹೊರಟೆ. ಈ ನಕ್ಷತ್ರಕ್ಕೆ ಜರ್ಮನಿಯಲ್ಲಿ ಫ್ರೋಬೆಲ್ ನಕ್ಷತ್ರವೆಂದು ಹೆಸರು. 1782ರಲ್ಲಿ ಹುಟ್ಟಿದ ಫ್ರೀಡ್ರಿಖ್ ಫ್ರೋಬೆಲ್ ಮಗುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು. ಮುಂದೆ ಅವನೇ ಪುಟ್ಟ ಮಕ್ಕಳಿಗಾಗಿ ಒಂದು ಹೊಸ ಬಗೆಯ ಶಾಲೆಯನ್ನು ಕಟ್ಟಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ‘ಮಕ್ಕಳ ತೋಟ’ ಎಂದು ಅದರ ಅರ್ಥ. ಅಕ್ಷರಕ್ಕೆ ಮೊದಲು ಕೈಗೆ ಕೆಲಸ ಕೊಡಬೇಕೆಂಬುದು ಅವನ ಮತ. ಚೆಂಡು, ಮರದ ತುಂಡು, ಕಾಗದ ಹೆಣೆಯುವುದು, ಕಾಗದ ಮಡಿಸುವುದು ಇವೆಲ್ಲ ಅವನ ಪಾಠಗಳು. ಮಕ್ಕಳು ಮಾಡುವ ಆಕಾರಗಳನ್ನು ಅವನು ಮೂರಾಗಿ ವಿಂಗಡಿಸಿದ್ದ: ಬದುಕಿನ ರೂಪಗಳು, ಚೆಲುವಿನ ರೂಪಗಳು, ಜ್ಞಾನದ ರೂಪಗಳು. ನಕ್ಷತ್ರವನ್ನು ಅವನೇ ಕಂಡುಹಿಡಿದನೆಂದಲ್ಲ. ಅವನ ಬಗೆಯ ಶಾಲೆಗಳಲ್ಲಿ ಕಾಗದದ ಕೆಲಸ ಬೆಳೆದುದರಿಂದ ಅವನ ಹೆಸರು ಅದಕ್ಕೆ ಅಂಟಿಕೊಂಡಿತು. ತಮಾಷೆಯೆಂದರೆ, ಈ ಶಾಲೆಗಳಿಂದ ನಾಸ್ತಿಕತೆ ಹಬ್ಬುತ್ತದೆಂಬ ಗುಮಾನಿಯಿಂದ ಪ್ರಷ್ಯಾದ ಸರ್ಕಾರ 1851ರಲ್ಲಿ ಅವನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಹೀಗೆ ನಾಸ್ತಿಕತೆಯ ಆರೋಪ ಹೊತ್ತವನ ಹೆಸರಿನ ನಕ್ಷತ್ರ ಇಂದು ಕ್ರಿಸ್ತಜಯಂತಿಯ ಮರಗಳಲ್ಲಿ ತೂಗುತ್ತಿದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬೆರಗುಗೊಳಿಸಿತು. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರರಾವ್ ಎಂಬವರು ಕಾಗದ ಮಡಿಸಿ ರೇಖಾಗಣಿತ ಕಲಿಯುವ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕಿಂಡರ್‌ಗಾರ್ಟನ್ನಿನ ಕಾಗದ ಮಡಿಕೆಯೇ ತಮಗೆ ಇದನ್ನು ಸೂಚಿಸಿತೆಂದು ಅವರೇ ಪೀಠಿಕೆಯಲ್ಲಿ ಹೇಳಿದ್ದಾರೆ. ಅಳತೆಕಡ್ಡಿ ಕೈವಾರಗಳ ಹಂಗಿಲ್ಲದೆ ಒಂದು ಚೌಕ ಕಾಗದ ಮಡಿಸಿ ಪಂಚಕೋನ, ಷಟ್ಕೋನ, ಅಷ್ಟಕೋನಗಳನ್ನು ಪಡೆಯುವುದನ್ನು ಅವರು ತೋರಿಸಿಕೊಟ್ಟರು. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತನ್ನ ಉಪನ್ಯಾಸಗಳ ಗ್ರಂಥದಲ್ಲಿ ಈ ಪುಸ್ತಕವನ್ನು ಉಲ್ಲೇಖಿಸಿದ. 1901ರಲ್ಲಿ ಅದು ಅಮೆರಿಕದ ಶಿಕಾಗೋದಲ್ಲಿ ಮತ್ತೆ ಅಚ್ಚಾಯಿತು. ಆಗ ನಮ್ಮ ಜಿಲ್ಲೆಯೂ ಮದರಾಸು ಪ್ರಾಂತಕ್ಕೇ ಸೇರಿತ್ತು. ಜರ್ಮನಿಯ ಮಕ್ಕಳ ಆಟವೊಂದು ಮದರಾಸಿಗೆ ಬಂದು ಗಣಿತವಾಗಿ ಮತ್ತೆ ಜರ್ಮನಿಗೆ ಹೋಯಿತಲ್ಲ ಎಂದು ನಾನು ಪುಳಕಿತನಾದೆ. ಇದನ್ನೆಲ್ಲ ನನ್ನ ಮಿತ್ರನೊಬ್ಬನಿಗೆ ಬಸ್ಸಿನಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, “ಅದೆಲ್ಲ ಇರಲಿ ಮಾರಾಯ, ನಕ್ಷತ್ರ ಎಷ್ಟಾಯಿತು?” ಎಂದ.

ಒಂದೂ ಆಗಿರಲಿಲ್ಲ. ಹಬ್ಬಕ್ಕೆ ಉಳಿದಿದ್ದುದು ಎಂಟು ದಿನ.

ಆ ರಾತ್ರಿ ನಾನು ಮಾಡಬಾರದ್ದನ್ನು ಮಾಡಿದೆ. ಪೊರ್ಬುಗಳ ನಕ್ಷತ್ರವನ್ನು ಬಿಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ. ಬಿಚ್ಚಿದ ಕ್ರಮದಲ್ಲೇ ಹಿಂದಕ್ಕೆ ಹೋದರೆ ಮತ್ತೆ ನಕ್ಷತ್ರವಾಗುತ್ತದೆ: ಇದು ನನ್ನ ತರ್ಕ. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬಂದೀತು. ಎದ್ದುನಿಂತ ಮೊನೆಗಳನ್ನು ಒಂದೊಂದಾಗಿ ಎಳೆದೆ. ಅವು ಸುರುಳಿ ಬಿಚ್ಚಿಕೊಂಡು ಬಂದವು. ಚಪ್ಪಟೆ ಮೊನೆಗಳನ್ನು ಸಡಿಲಿಸಿದೆ. ನಡುವಣ ಚೌಕ ಬಿಡಲೊಪ್ಪಲಿಲ್ಲ. ಸ್ವಲ್ಪ ಬಲ ಹಾಕಿದೆ. ಚಟ್ಟೆಂದು ಸಣ್ಣ ಸದ್ದಾಯಿತು. ಹಳೆಯ ಕೆಂಪು ಕಾಗದ ಮಡಿಕೆಯ ಗೆರೆಯಲ್ಲಿ ಒಡೆದು ಒಂದು ಪಟ್ಟಿ ಎರಡು ತುಂಡಾಗಿತ್ತು. ಉಳಿದ ಮೂರು ಪಟ್ಟಿಗಳು ನನ್ನ ಮುಂದೆ ಕುಸಿದು ಬಿದ್ದಿದ್ದವು. ಅವುಗಳ ಹಿಂಬದಿಯಲ್ಲಿ ಲೆಕ್ಕದ ಪುಸ್ತಕದ ನೀಲಿ ಗೆರೆಗಳು ಕಂಡವು.

ಹಿಂದಕ್ಕೆ ಹೋಗಲು ಪ್ರಯತ್ನಿಸಿದೆ. ಆಗ ತಿಳಿಯಿತು, ಇದು ಬಿಚ್ಚಿದಷ್ಟು ಸುಲಭವಾಗಿ ಕಟ್ಟುವಂಥದಲ್ಲವೆಂದು. ನಕ್ಷತ್ರ ಮುಗಿದ ಮೇಲೆ ಹೊರಗುಳಿದ ಬಾಲಗಳನ್ನು ಕತ್ತರಿಸಿಬಿಡುತ್ತಾರೆ. ಆದ್ದರಿಂದ ಎರಡನೆಯ ಸಲ ತೂರಿಸುವಾಗ ಆಚೆಯಿಂದ ಹಿಡಿದೆಳೆಯಲು ಏನೂ ಇರುವುದಿಲ್ಲ. ನಾನು ಚಾವಡಿಯ ದೀಪದ ಕೆಳಗೆ ಬೆವರುತ್ತ ಕುಳಿತಿದ್ದೆ. ಬಾಯಮ್ಮನ “ಇದೊಂದೇ ಇರುವುದು” ಎಂಬ ಮಾತು ಕಿವಿಯಲ್ಲಿತ್ತು.

ಇಲ್ಲಿ ನಾನು ಇನ್ನೊಂದು ವಿಷಯವನ್ನು ಹೇಳಬೇಕಾಗಿದೆ. ಇಷ್ಟು ಹೊತ್ತು ಹೇಳದೆ ತಪ್ಪಿಸಿಕೊಂಡಿದ್ದೆ. ನಾನು ಹೀಗೆ ಕುಳಿತಿದ್ದಾಗ ಅದೇ ಚಾವಡಿಯಲ್ಲಿ, ನನ್ನಿಂದ ನಾಲ್ಕು ಮೊಳ ದೂರದಲ್ಲಿ, ಅಮ್ಮನೂ ಕುಳಿತಿದ್ದಳು. ಆಕೆ ಬೀಡಿ ಕಟ್ಟುತ್ತಿದ್ದಳು. ನನಗೆ ನೆನಪಿರುವಷ್ಟು ಕಾಲದಿಂದಲೂ ಆ ಮೂಲೆ ಆಕೆಯದು. ಮಡಿಲಿನಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ತಗಡಿನ ಅಳತೆಗೆ ಎಲೆ ಕತ್ತರಿಸಿ, ಚಿಟಿಕೆ ಹುಡಿ ಹಾಕಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ, 25ರ ಕಟ್ಟುಗಳಾಗಿ ಮಾಡಿ ಬೀಡಿ ಬ್ರಾಂಚಿಗೆ ಒಯ್ದು ಕೊಡುತ್ತಾಳೆ. ದಿನಕ್ಕೆ ಸುಮಾರು 700. ನನ್ನ ಮೂರು ವರ್ಷದ ಶುಲ್ಕ, ಬಸ್ಸಿನ ಪಾಸು, ಪುಸ್ತಕ ಎಲ್ಲವೂ ಆ ತಡ್ಪೆಯಿಂದಲೇ ಎದ್ದು ಬಂದವು. ಆಕೆಯ ರಾತ್ರಿಯ ಕೆಮ್ಮೂ ಅಲ್ಲಿಂದಲೇ ಬಂತು. ಹೀಗಿದ್ದೂ ಈ ಕಾಲೇಜಿಗೆ ಸೇರುವ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬಲ್ಲಿ ನಾನು ‘ಗೃಹಿಣಿ’ ಎಂದು ಬರೆದಿದ್ದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿಯೂ ಹಾಗೆಯೇ. ಸಹಪಾಠಿಗಳು ಮನೆಗೆ ಬರುತ್ತೇನೆಂದಾಗಲೆಲ್ಲ ಏನಾದರೊಂದು ನೆವ ಹೇಳುತ್ತಿದ್ದೆ. ನಮ್ಮ ಮನೆಗೆ ಹೊಗೆಸೊಪ್ಪಿನ ವಾಸನೆಯಿದೆ; ಅದು ನನ್ನ ಅಂಗಿಗೂ ಬರುತ್ತದೆಯೋ ಎಂಬ ಭಯ ಮೂರು ವರ್ಷ ನನ್ನನ್ನು ಬಿಟ್ಟಿರಲಿಲ್ಲ.

“ಎಂತ ಆಯಿತು?” ಎಂದು ಅಮ್ಮ ಕೇಳಿದಳು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಬಂದು ಆ ಪಟ್ಟಿಗಳನ್ನು ದೀಪಕ್ಕೆ ಹಿಡಿದು ನೋಡಿದಳು. ಬೆರಳ ತುದಿಯಿಂದ ಒಂದೊಂದು ಗೆರೆಯನ್ನೂ ಸವರಿದಳು.

“ಒಣಗಿದೆ. ಒಣಗಿದ ಎಲೆ ಮಡಚಿದರೆ ಸೀಳ್ತದಲ್ಲ, ಹಾಗೆ. ಈಗ ಮುಟ್ಟಬೇಡ” ಎಂದಳು.

ಬೀಡಿಯ ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿಕೊಂಡೇ ಸುರುಳಿ ಸುತ್ತುವುದು. ಕಾಗದವನ್ನು ನೀರಿಗೆ ಹಾಕುವಂತಿಲ್ಲವೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಬಟ್ಟೆಯನ್ನು ತೋಯಿಸಿ, ಹನಿಯಿಲ್ಲದಂತೆ ಹಿಂಡಿ, ಅದರ ಮೇಲೊಂದು ಒಣ ಬಟ್ಟೆ ಹಾಸಿ, ನಡುವೆ ಆ ಮೂರು ಪಟ್ಟಿಗಳನ್ನಿಟ್ಟು ಮುಚ್ಚಿದಳು. ಬೆಳಿಗ್ಗೆ ನೋಡಿದರೆ ಕಾಗದದ ಮೈ ಬಗ್ಗಿತ್ತು. ಗೆರೆಗಳು ಮಾತ್ರ ಹಾಗೆಯೇ ಉಳಿದಿದ್ದವು. ಒಮ್ಮೆ ಮಡಿಸಿದ ಕಾಗದ ಆ ಮಡಿಕೆಯನ್ನು ಮರೆಯುವುದಿಲ್ಲವೆಂಬುದನ್ನು ನಾನು ಆಗ ಕಂಡೆ.

ತುಂಡಾದ ಪಟ್ಟಿಗೆ ಬದಲು ಬೇಕಾಗಿತ್ತು. ಅದೇ ದಪ್ಪದ ಕೆಂಪು ಕಾಗದ ಮನೆಯಲ್ಲೆಲ್ಲಿದೆ? ಹುಡುಕಿದರೆ ಸಿಕ್ಕಿದ್ದು ಒಂದೇ: ನಮ್ಮ ಕಾಲೇಜಿನ ಹಿಂದಿನ ವರ್ಷದ ವಾರ್ಷಿಕ ಸಂಚಿಕೆಯ ಹೊದಿಕೆ. ಸಂಪಾದಕರು ಕ್ಷಮಿಸಬೇಕು. ಅಮ್ಮ ಕತ್ತರಿ ಹಿಡಿದು ಒಂದು ಗಳಿಗೆ ನಿಂತು, “ಇದರಲ್ಲಿ ಬೇಕಾದ್ದು ಏನಾದರೂ ಬರೆದದ್ದು ಉಂಟಾ?” ಎಂದು ಕೇಳಿದಳು. ಇಲ್ಲವೆಂದೆ. ಅಳತೆಕಡ್ಡಿಯಿಲ್ಲದೆ, ಹಳೆಯ ಪಟ್ಟಿಯನ್ನು ಮೇಲಿಟ್ಟು, ಕೂದಲೆಳೆ ಆಚೀಚೆಯಾಗದಂತೆ ಆಕೆ ಕತ್ತರಿಸಿದಳು. ದಿನಕ್ಕೆ ಏಳುನೂರು ಎಲೆ ಕತ್ತರಿಸುವ ಕೈ ಅದು.

ಆಮೇಲೆ ಕಂಡದ್ದನ್ನು ನಾನು ಸರಿಯಾಗಿ ವರ್ಣಿಸಲಾರೆ. ಆಕೆ ಮೊಬೈಲನ್ನು ಎರಡು ಸಲ ನೋಡಿದಳು. ಆಮೇಲೆ ಅದನ್ನು ಆಚೆಗಿಟ್ಟು ಗೆರೆಗಳನ್ನೇ ನೋಡಿದಳು. ಈ ಗೆರೆ ಒಳಕ್ಕೆ, ಈ ಗೆರೆ ಹೊರಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಚೌಕ ಹೆಣೆದಳು. ಚಪ್ಪಟೆ ಮೊನೆಗಳು ಎಂಟೂ ಬಂದವು. ಎದ್ದುನಿಲ್ಲುವ ಮೊನೆಗೆ ಬಾಲವನ್ನು ಒಂದು ಸುತ್ತು ತಿರುವಿ, ನಡುವಣ ಚೌಕದ ಕೆಳಗೆ ತೂರಿಸಿ, ಚಪ್ಪಟೆ ಮೊನೆಯ ಒಳಗೆ ಹಾಯಿಸಬೇಕು. ಹಿಡಿದೆಳೆಯಲು ಬಾಲವಿಲ್ಲದ ಕಡೆ ಬೀಡಿಯ ಬಾಯಿ ಮಡಚುವ ಸಣ್ಣ ಕಬ್ಬಿಣದ ಕಡ್ಡಿಯಿಂದ ಮೆಲ್ಲನೆ ಒಳಕ್ಕೆ ದೂಡಿದಳು. ಬೀಡಿಯ ಬಾಯಿಯನ್ನು ಮುಚ್ಚುವಾಗ ಆಕೆಯ ಹೆಬ್ಬೆರಳು ಹೇಗೆ ಹೊರಳುತ್ತದೆಯೋ ಹಾಗೆಯೇ ಹೊರಳಿತು. ನಾನು ಹದಿನೈದು ವರ್ಷಗಳಿಂದ ನೋಡುತ್ತಿದ್ದ ಹೆಬ್ಬೆರಳನ್ನು ಅಂದೇ ಮೊದಲ ಸಲ ನೋಡಿದಂತಾಯಿತು. ಅಳತೆ, ಸುರುಳಿ, ಮಡಿಕೆ, ಬಿಗಿ ಇವೆಲ್ಲ ಆ ಬೆರಳುಗಳಿಗೆ ಎಂದೋ ಬಂದಿದ್ದ ಪಾಠಗಳು. ಫ್ರೋಬೆಲ್ ಮಹಾಶಯನು ಹೇಳಿದ ಮೂರು ರೂಪಗಳಲ್ಲಿ ಬದುಕಿನದನ್ನಷ್ಟೇ ಆಕೆಗೆ ಯಾರೋ ಕೊಟ್ಟಿದ್ದರು. ಚೆಲುವಿನದನ್ನು ಕೇಳಿದವರು ಇರಲಿಲ್ಲ.

ಆರು ರಾತ್ರಿಗಳಲ್ಲಿ ಹನ್ನೊಂದು ಹೊಸ ನಕ್ಷತ್ರಗಳಾದವು. ಪೇಟೆಯಿಂದ ತಂದ ಬಣ್ಣದ ಕಾಗದವನ್ನು ನಾನು ಪಟ್ಟಿ ಮಾಡಿಕೊಟ್ಟೆ, ಚೌಕ ಹೆಣೆದುಕೊಟ್ಟೆ, ಮೊನೆಗಳು ಅಮ್ಮನವು. ಬೀಡಿಯ ಲೆಕ್ಕ ಆ ವಾರ ಇಳಿಯಿತು. ಬ್ರಾಂಚಿನಿಂದ ಬಂದ ಆಕೆ ದುಡ್ಡನ್ನು ಎರಡು ಸಲ ಎಣಿಸಿ ಡಬ್ಬಿಗೆ ಹಾಕಿದಳೇ ಹೊರತು ಏನೂ ಹೇಳಲಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಇಬ್ಬರೂ ಸಂಕ ದಾಟಿ ಹೋದೆವು. ಬಾಯಮ್ಮ ಎಲ್ಲಕ್ಕಿಂತ ಮೊದಲು ಹಳೆಯ ನಕ್ಷತ್ರವನ್ನೇ ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಕಣ್ಣು ಮಂದವಾದರೂ ಬೆರಳು ಮಂದವಾಗಿರಲಿಲ್ಲ.

“ಇದರಲ್ಲಿ ಒಂದು ಹೊಸತು ಉಂಟಲ್ಲ” ಎಂದರು.

ನಾನು ನಡೆದುದನ್ನೆಲ್ಲ ಹೇಳಿದೆ. ಅರ್ಧ ಹೇಳುವಾಗಲೇ ಧ್ವನಿ ಇಳಿಯಿತು. ಬಾಯಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಕ್ಷತ್ರವನ್ನು ಹತ್ತಿಯಲ್ಲಿಟ್ಟು, ಮತ್ತೆ ತೆಗೆದರು. ಆಮೇಲೆ, “ನನಗೆ ಬೇಸರ ಆಯಿತು ಮಗಾ, ಸುಳ್ಳು ಯಾಕೆ ಹೇಳ್ಲಿ. ಆದರೆ ಬಿಗಿ ಅವರದ್ದೇ ಬಿಗಿ. ಯಾರು ಮಡಿಸಿದ್ದು?” ಎಂದು ಕೇಳಿದರು. ನಾನು ಅಮ್ಮನತ್ತ ನೋಡಿದೆ. ಬಾಯಮ್ಮ ಅಮ್ಮನ ಕೈಯನ್ನು ಹಿಡಿದುಕೊಂಡು ಒಳಗೆ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದರು. ಇಷ್ಟು ವರ್ಷದ ನೆರೆಕರೆಯಲ್ಲಿ ಅಮ್ಮ ಆ ಮನೆಯ ಹಿತ್ತಿಲ ಜಗಲಿಯಲ್ಲಿ ಕುಳಿತದ್ದನ್ನೇ ನಾನು ಕಂಡಿದ್ದೆ.

ಗೋದಲಿ ಸಿದ್ಧವಾಗಿತ್ತು. ಹುಲ್ಲಿನ ಮಾಡು, ಮಣ್ಣಿನ ದನಕುರಿಗಳು, ಬಟ್ಟಲಲ್ಲಿ ಮೊಳಕೆ ಬಂದ ಪೈರು. ನಕ್ಷತ್ರಗಳನ್ನು ತೂಗುಹಾಕುವ ಮೊದಲೇ ಕುವೈಟಿನ ಹುಡುಗಿ ತನಗೂ ಕಲಿಸಬೇಕೆಂದು ಹಟ ಹಿಡಿದಳು. ಅವಳಿಗೆ ತುಳು ಬಾರದು, ಅಮ್ಮನಿಗೆ ಕೊಂಕಣಿಯ ನಾಲ್ಕು ಮಾತು ಬಿಟ್ಟರೆ ಬಾರದು, ಇಂಗ್ಲಿಷಂತೂ ದೂರ. ಆದರೂ ಅಮ್ಮ ಅವಳ ಪುಟ್ಟ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ಮಡಿಸಿಸಿದಳು. ತಪ್ಪಿದರೆ ಬಿಚ್ಚಿಸಲಿಲ್ಲ, ತಪ್ಪಿದಲ್ಲಿಗೆ ಉಗುರಿನಿಂದ ಮೆಲ್ಲನೆ ತಟ್ಟಿದಳು. ಅರ್ಧ ಗಂಟೆಯಲ್ಲಿ ಹುಡುಗಿಯ ಕೈಯಲ್ಲಿ ಎಂಟು ಚಪ್ಪಟೆ ಮೊನೆಗಳಿದ್ದವು.

ನೋಡುತ್ತ ನಿಂತಿದ್ದ ಬಾಯಮ್ಮನ ಸೊಸೆ ನನ್ನ ಕಡೆ ತಿರುಗಿ, “ಎಷ್ಟು ಚೆನ್ನಾಗಿ ಕಲಿಸ್ತಾರೆ! ನಿಮ್ಮ ತಾಯಿ ಟೀಚರಾ?” ಎಂದು ಕೇಳಿದರು.

ಸುಲಭವಾದ ಉತ್ತರವೊಂದು ನಾಲಗೆಯ ತುದಿಯಲ್ಲೇ ಇತ್ತು. ಮೂರು ವರ್ಷ ಅದನ್ನು ಬಳಸಿ ಬಳಸಿ ನುಣುಪಾಗಿತ್ತು. ಅಮ್ಮ ತಲೆಯೆತ್ತಲಿಲ್ಲ, ಆದರೆ ಆಕೆಯ ಬೆರಳುಗಳು ಒಂದು ಗಳಿಗೆ ನಿಂತದ್ದನ್ನು ಕಂಡೆ. ನಾನು ಅರ್ಜಿಗಳಲ್ಲಿ ಏನು ಬರೆಯುತ್ತಿದ್ದೆನೆಂದು ಓದುಬಾರದ ಆಕೆಗೆ ಗೊತ್ತಿತ್ತೋ ಏನೋ.

“ಅಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ” ಎಂದೆ.

“ಹೌದಾ?” ಎಂದು ಅವರು ಮತ್ತೆ ನಕ್ಷತ್ರದತ್ತ ನೋಡತೊಡಗಿದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಮೂರು ವರ್ಷ ನಾನು ಹೆದರಿದ್ದು ಈ ಒಂದು “ಹೌದಾ” ಎಂಬ ಮಾತಿಗೆ! ಅಮ್ಮನ ಬೆರಳುಗಳು ಮತ್ತೆ ಮಡಿಸತೊಡಗಿದವು.

ರಾತ್ರಿ ಹಿಂದಿರುಗುವಾಗ ಕುಸ್ವಾರಿನ ತಟ್ಟೆ ನನ್ನ ಕೈಯಲ್ಲಿತ್ತು. ಬಾಯಮ್ಮ ದುಡ್ಡು ಕೊಡಲು ಬಂದಿದ್ದರು, ಅಮ್ಮ ತೆಗೆದುಕೊಳ್ಳಲಿಲ್ಲ. ಸಂಕದ ಮೇಲೆ ನಿಂತು ನಾನು ಹಿಂದಿರುಗಿ ನೋಡಿದೆ. ಕಿಟಕಿಯೊಳಗೆ ಗೋದಲಿಯ ಮೇಲೆ ಹನ್ನೆರಡು ನಕ್ಷತ್ರಗಳು ತೂಗುತ್ತಿದ್ದವು. ಯಾವುದು ಹಳೆಯದು, ಯಾವುದು ಹೊಸತು ಎಂದು ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. “ನಾಳೆ ಸಾವಿರ ಕಟ್ಟಬೇಕು, ಎಲೆ ನೆನೆಸಿ ಬಂದಿದ್ದೇನೆ, ಬೇಗ ನಡಿ” ಎಂದಳು ಅಮ್ಮ.

ಆರನೆಯ ಸೆಮಿಸ್ಟರಿನ ಪರೀಕ್ಷೆಯ ಅರ್ಜಿಗಳನ್ನು ಮೊನ್ನೆ ತುಂಬಿದೆವು. ಅದರಲ್ಲಿ ತಾಯಿಯ ಉದ್ಯೋಗವನ್ನು ಕೇಳುವ ಸಾಲೇ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅದಕ್ಕಾಗಿಯೇ ಇಲ್ಲಿ ಬರೆದಿದ್ದೇನೆ.

ನಕ್ಷತ್ರದ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಇನ್ನೂ ಮುಗಿದಿಲ್ಲ. ಎಂಟು ಚಪ್ಪಟೆ ಮೊನೆಗಳು ಈಗ ನನಗೂ ಬರುತ್ತವೆ. ಎದ್ದುನಿಲ್ಲುವ ಎಂಟು ಮಾತ್ರ ಬಂದಂತೆ ಬಂದು ಬಿಚ್ಚಿಹೋಗುತ್ತವೆ. “ಎಳೆಯಬೇಡ, ತಿರುವು” ಎಂದು ಅಮ್ಮ ತಡ್ಪೆಯ ಮುಂದೆ ಕುಳಿತೇ ಹೇಳುತ್ತಾಳೆ. ಪದವಿ ಕೈಗೆ ಬರುವುದರೊಳಗೆ ಅದನ್ನೂ ಕಲಿತುಬಿಡಬೇಕೆಂದಿದ್ದೇನೆ.